ಜಲಪಾತದಡಿ ನಿಂತ ಅಕ್ಕಿ ವ್ಯಾಪಾರಿ

ಜಪಾನಿನ ಒಂದು ಬೆಟ್ಟದ ಜಲಪಾತದಡಿ ಈಗ ಯಾರೂ ತಪಸ್ಸಿಗೆ ನಿಲ್ಲುವುದಿಲ್ಲ. ಯಾತ್ರೆಗೆ ಹೋದ ನಾನು ಭಕ್ತಿಯಿಂದ ನೀರಿಗೆ ಒಂದು ಕಾಲಿಟ್ಟೆ. ಅಯ್ಯಯ್ಯಪ್ಪಾ, ಮಂಜುಗಡ್ಡೆ! ನನ್ನ ಭಕ್ತಿ ಮಂಡಿಯವರೆಗೂ ಏರಲಿಲ್ಲ. ಇಂಥ ನೀರಿನಡಿ ಪೂಜ್ಯ ಕೈಜುನ್ ಯತಿಗಳು ಒಂದು ಕಾಲದಲ್ಲಿ ನಿತ್ಯವೂ ನಿಂತು ಮಂತ್ರ ಜಪಿಸುತ್ತಿದ್ದರಂತೆ. ಪಕ್ಕದಲ್ಲೇ ಅವರ ಹುಲ್ಲಿನ ಗುಡಿಸಲು. ಒಳಗೆ ಒಂದು ಚಾಪೆ, ಒಂದು ಶಂಖ.

ಅಲ್ಲಿಗೊಂದು ಮುಂಜಾನೆ ಗೆಂಬೆ ಎಂಬ ಅಕ್ಕಿ ವ್ಯಾಪಾರಿ ಏದುಸಿರು ಬಿಡುತ್ತ ಹತ್ತಿ ಬಂದ. ಅವನ ಒಬ್ಬಳೇ ಮಗಳು ಸಾಯೊ, ಹೆಂಚು ಸುಡುವವನನ್ನು ಮೆಚ್ಚಿ ಮದುವೆಯಾಗಿದ್ದಳು. "ಇನ್ನು ನನ್ನ ಹೊಸ್ತಿಲು ತುಳಿಯಬೇಡ" ಎಂದು ಗೆಂಬೆ ಊರೆಲ್ಲ ಕೇಳುವಂತೆ ಮಗಳ ಮೇಲೆ ಅಬ್ಬರಿಸಿದ್ದ. ಈಗ ಇವನಿಗೇ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

"ಸ್ವಾಮಿ, ಮನಸ್ಸು ಮೆತ್ತಗಾಗುತ್ತಿದೆ. ಅದನ್ನು ಕಲ್ಲು ಮಾಡಿಕೊಡಿ. ನಿಮ್ಮ ನೀರಿಗೆ ಅಷ್ಟು ಶಕ್ತಿ ಇದ್ದರೆ!" ಎಂದ. ಬೇಡುವಾಗಲೂ ಜಂಬ, ನೋಡಿ.

ಯತಿಗಳು ಬಿಳಿ ವಸ್ತ್ರವನ್ನು ಕೊಟ್ಟು, ನೀರಿಗಿಳಿಯುವವರ ಕಟ್ಟಳೆಯನ್ನು ತಿಳಿಸಿದರು. ಗುರುಗಳು ಏನೇ ಅಂದರೂ 'ಒಪ್ಪಿದೆ' ಎನ್ನಬೇಕು, ಬೇರೆ ಮಾತಿಲ್ಲ.

"ಇಷ್ಟೇನಾ?" ಎಂದು ಗೆಂಬೆ ಎದೆಯುಬ್ಬಿಸಿ ಇಳಿದ. ನೀರು ನೆತ್ತಿಗೆ ಬಿದ್ದಿತೋ ಇಲ್ಲವೋ, ಹಲ್ಲು ಕಟಕಟ!

"ನೀರು ತಣ್ಣಗಿದೆ," ಎಂದರು ಯತಿಗಳು ದಡದಿಂದ.

"ಒ-ಒ-ಒಪ್ಪಿದೆ!"

"ನೀವು ಜಂಬದ ಮನುಷ್ಯರು."

"ಒಪ್ಪಿದೆ!"

ಸುತ್ತ ನಿಂತ ಯಾತ್ರಿಕರು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

"ಮಗಳೆಂದರೆ ನಿಮಗೆ ಪ್ರಾಣ."

ಗೆಂಬೆ ಬಾಯಿ ತೆರೆದ, ನೀರು ತುಂಬಿತು. ಉಗುಳಿದ. ಆಮೇಲೆ ಬೆಟ್ಟಕ್ಕೆಲ್ಲ ಕೇಳುವಂತೆ ಕೂಗಿದ: "ಒಪ್ಪಿದೆ!"

ದಡಕ್ಕೆ ಬಂದವನೇ ತಕರಾರು ತೆಗೆದ. "ಅದು ಚಳಿಗೆ ಬಂದ ಮಾತು ಸ್ವಾಮಿ, ಲೆಕ್ಕಕ್ಕಿಲ್ಲ."

"ಹಾಗಾದರೆ ಇನ್ನೊಮ್ಮೆ ನಿಂತು, ಇಲ್ಲ ಎಂದು ಹೇಳಿ ಬನ್ನಿ," ಎಂದರು ಯತಿಗಳು. ಬೈಯಲಿಲ್ಲ, ಉಪದೇಶ ಕೊರೆಯಲಿಲ್ಲ. ಮಹಾತ್ಮರ ರೀತಿಯೇ ಹಾಗೆ.

ಗೆಂಬೆ ಜಲಪಾತವನ್ನು ನೋಡಿದ. ಯತಿಗಳನ್ನು ನೋಡಿದ. "ಎಷ್ಟು ಸಲ ನಿಂತರೂ ಇಲ್ಲ ಅನ್ನಲಾರೆ, ಸ್ವಾಮಿ!" ಎಂದು ಅವರ ಪಾದ ಹಿಡಿದು ಗಳಗಳನೆ ಅತ್ತುಬಿಟ್ಟ.

ಬಟ್ಟೆ ಬದಲಿಸುವುದನ್ನೂ ಮರೆತು, ನೀರು ತೊಟ್ಟಿಕ್ಕುತ್ತ ಊರ ಬೀದಿಯಲ್ಲೇ ಓಡಿದ. ಅಳಿಯನ ಮನೆಯ ಬಾಗಿಲು ತೆರೆದ ಸಾಯೊ, ಹೆಣಕ್ಕೆ ಉಡಿಸುವಂಥ ಬಿಳಿ ಬಟ್ಟೆಯಲ್ಲಿ ಅಪ್ಪನ ದೆವ್ವವೇ ಬಂದಿತೆಂದು ಕಿಟಾರನೆ ಕಿರುಚಿದಳು.

"ನಾನೇ ಕಣಮ್ಮ, ಸತ್ತಿಲ್ಲ," ಎಂದ ಗೆಂಬೆ, ಬಾಗಿಲಾಚೆಯೇ ನಡುಗುತ್ತ ನಿಂತು. "ತುಂಬಾ ಚಳಿ ಮಗಳೇ. ಒಳಗೆ ಬರಲಾ?"