ಓಬಳ ಕೂರಲಿಲ್ಲ

"ನನ್ನೆದುರು ವಾದ ಮಾಡಿ ಗೆದ್ದವನು ಇನ್ನೂ ಹುಟ್ಟಿಲ್ಲ," ಎಂದರು ಶ್ರೀಕಂಠ ಶಾಸ್ತ್ರಿಗಳು.

ನೆರೆಸೀಮೆಯಿಂದ ಅವರನ್ನು ಕರೆಸಿದ್ದವನು ಮುದ್ದೇಗೌಡ. ಅಳಿಯ ಓಬಳನ ಬಾಯಿ ಮುಚ್ಚಿಸಬೇಕಿತ್ತು.

ಈ ಓಬಳ ಪಾಳೆಗಾರ ಕಸ್ತೂರಿನಾಯಕರ ಹೊಗಳುಭಟ. ನಾಯಕರು ಸಭೆಗೆ ಬರುವಾಗ ಅವರ ಬಿರುದುಗಳನ್ನೆಲ್ಲ ಕೂಗಿ ಹೇಳುವುದು ಅವನ ಕಸುಬು. ಗಂಡಹೆಂಡಿರಿಗೆ ಜಗಳವಾಗಿ, ಹೆಂಡತಿಯು ಪುಟ್ಟ ಮಗಳು ಗಂಗಿಯನ್ನು ಎತ್ತಿಕೊಂಡು ತವರು ಸೇರಿದ್ದಳು. ಮಗಳನ್ನು ನೋಡಲು ಹೋದಾಗಲೆಲ್ಲ ಮಾವ ಮುಖದ ಮೇಲೇ ಬಾಗಿಲು ಹಾಕುತ್ತಿದ್ದ. ಅನ್ನ ಸೇರದೆ ಓಬಳ ಕೊನೆಗೆ ನಾಯಕರ ಸಭೆಗೆ ದೂರು ಒಯ್ದಿದ್ದ.

"ನಿನ್ನ ಕಡೆ ಮಾತಾಡುವವರು ಯಾರೋ?" ನಾಯಕರು ಕೇಳಿದರು.

"ನಾನೇ, ಬುದ್ಧಿ."

ಸಭೆ ಗೊಳ್ಳೆಂದು ನಕ್ಕಿತು.

ಶಾಸ್ತ್ರಿಗಳು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. "ಅಜ್ಜನ ಮನೆಯಲ್ಲಿ ಮಗುವಿಗೆ ಹಾಲುಂಟು, ತುಪ್ಪವುಂಟು, ಮೆತ್ತನೆಯ ಹಾಸಿಗೆಯುಂಟು. ಮಗು ಸುಖವಾಗಿದೆ ಎಂದಮೇಲೆ ಅಪ್ಪ ಹೋಗಿ ನೋಡುವುದೇನಿದೆ?"

ಆ ಆಸ್ಥಾನದಲ್ಲೊಂದು ಪದ್ಧತಿಯಿತ್ತು. ತನ್ನ ಪರ ತಾನೇ ವಾದಿಸುವವನನ್ನು, ಅವನಾಗಿ ಕೂರುವವರೆಗೆ ಯಾರೂ ತಡೆಯುವಂತಿಲ್ಲ. ಅಲ್ಲಿಯವರೆಗೆ ಎದುರು ಪಕ್ಷದವರು ಕೋಟೆಯ ಬಾಗಿಲು ದಾಟುವಂತಿಲ್ಲ. ಬಂದವರೆಲ್ಲ ನಾಲ್ಕು ಮಾತು ತೊದಲಿ ಕೂತುಬಿಡುತ್ತಿದ್ದರು. ಹಾಗಾಗಿ ಈ ಪದ್ಧತಿಯಿಂದ ಯಾರಿಗೂ ತೊಂದರೆಯಾಗಿರಲಿಲ್ಲ.

ಓಬಳ ಗಂಗಿ ಹುಟ್ಟಿದ ಗಳಿಗೆಯಿಂದ ಶುರು ಮಾಡಿದ. ಸಂಜೆಯ ಹೊತ್ತಿಗೆ ಅವಳನ್ನು ತೊಟ್ಟಿಲಿಗೆ ಹಾಕಿದ. ರಾತ್ರಿ ಕಂಬಕ್ಕೆ ಒರಗಿ ನಿಂತೇ ನಿದ್ದೆ ಮಾಡಿ, ಬೆಳಗ್ಗೆ ಮುಂದುವರಿಸಿದ. ಹಲ್ಲು ಮೂಡುವುದಕ್ಕೆ ಇಡೀ ದಿನ ಹಿಡಿಯಿತು. ಕಸುಬಿನ ಅಭ್ಯಾಸ ನೋಡಿ, ಒಂದೊಂದು ಹಲ್ಲಿಗೂ ಒಂದೊಂದು ಬಿರುದು ಕೊಟ್ಟಿದ್ದ.

ಗಂಗಿ ಇನ್ನೂ ಅಂಬೆಗಾಲಿಡುತ್ತಿರುವಾಗಲೇ ಶಾಸ್ತ್ರಿಗಳು ಕೈಮುಗಿದು ಎದ್ದರು. "ಪ್ರಭು, ಮನೆಯಲ್ಲಿ ಚಿಕ್ಕ ಮಗನಿದ್ದಾನೆ. ಮುಖ ನೋಡಿ ಎಷ್ಟು ದಿನವಾಯಿತೋ. ಒಂದು ಸಲ ನೋಡಿಕೊಂಡು ಬರಲು ಅಪ್ಪಣೆಯಾಗಬೇಕು."

"ಅಯ್ಯೋ, ಮಗುವಿಗೆ ಹುಷಾರಿಲ್ಲವೇ?" ಓಬಳ ಕೇಳಿದ.

"ಚೆನ್ನಾಗಿದ್ದಾನೆ."

"ಹಾಲು, ತುಪ್ಪ?"

"ಬೇಕಾದಷ್ಟಿದೆ."

"ಮೆತ್ತನೆಯ ಹಾಸಿಗೆ?"

"ಎಲ್ಲಾ ಇದೆಯಯ್ಯಾ! ಇದ್ದರೇನು? ನಾನು ಅವನ ಅಪ್ಪ, ನೋಡಬೇಕು ಅನ್ನಿಸುವುದಿಲ್ಲವೇ?"

ಓಬಳ ಕುಳಿತುಬಿಟ್ಟ.

"ನನ್ನ ವಾದ ಮುಗಿಯಿತು, ಬುದ್ಧಿ."

ನಾಯಕರಿಗೆ ನಗು ತಡೆಯಲಾಗಲಿಲ್ಲ. ಮುದ್ದೇಗೌಡ ಮಾತ್ರ ಶಾಸ್ತ್ರಿಗಳನ್ನು ದುರುಗುಟ್ಟಿ ನೋಡುತ್ತಿದ್ದ. ಪ್ರತಿ ಸಂತೆಯ ದಿನ, ಬೆಳಗಿನಿಂದ ಸಂಜೆಯವರೆಗೆ ಗಂಗಿ ಅಪ್ಪನ ಜೊತೆಗಿರಬೇಕು ಎಂದು ಅಪ್ಪಣೆಯಾಯಿತು. ಓಬಳ ನಾಯಕರಿಗೆ ಅಡ್ಡಬಿದ್ದು ಎದ್ದ. ಕಣ್ಣೊರೆಸಿಕೊಂಡ.

"ಇನ್ನೇನು ಬೇಕೋ ಕೇಳು," ಎಂದರು ನಾಯಕರು.

"ಶಾಸ್ತ್ರಿಗಳಿಗೊಂದು ಒಳ್ಳೆಯ ಕುದುರೆ ಕೊಡಿಸಿ, ಬುದ್ಧಿ. ಮಗು ಮಲಗುವುದರೊಳಗೆ ಮನೆ ಸೇರಲಿ."