ಕಾಗೆ ಕುಕ್ಕಿದ ಮೇಕೆ

ಕದ್ದು ಮೆದ್ದ ಜೋಳದಿಂದ ಮೇಕೆಯ ಹೊಟ್ಟೆ ನಗಾರಿಯಂತೆ ಉಬ್ಬಿತ್ತು. ಒಡತಿ ಹೊನ್ನವ್ವ ದನದ ಡಾಕ್ಟರನ್ನು ಕರೆತರಲು ಓಡಿದ್ದಳು. ಮೇಕೆಯ ಕಾಲು ನಡುಗುತ್ತಿತ್ತು, ಉಸಿರು ಸಿಕ್ಕಿಕೊಳ್ಳುತ್ತಿತ್ತು.

"ಮಲಗಿಕೋ ತಂಗಿ, ಎಷ್ಟು ಹೊತ್ತು ನಿಲ್ಲುತ್ತೀಯೆ?" ಎಂದು ಕೊಟ್ಟಿಗೆಯ ಕುರಿ ಕಣ್ಣೀರು ತಂದುಕೊಂಡಿತು. ಮೇಕೆಗೂ ಅದೇ ಬೇಕಿತ್ತು, ಮೊಣಕಾಲೂರಿತು.

ಗೋಡೆಯ ಮೇಲೆ ಹೊಂಚುತ್ತಿದ್ದ ಕಾಗೆ ತಟ್ಟನೆ ಇಳಿದು ಬೆನ್ನು ಕುಕ್ಕಿತು. "ಮುಗಿಯಿತೋ?"

"ನಿನ್ನ ಬಾಯಿಗೆ ಬೀಳುವವಳಲ್ಲ, ತೊಲಗು!" ಮೇಕೆ ಉರಿದೆದ್ದು ಅದನ್ನು ಅಂಗಳದ ತುಂಬ ಅಟ್ಟಾಡಿಸಿತು.

ಕುರಿ ಮತ್ತೆ ಮಲಗೆಂದಿತು. ಮೇಕೆ ಮತ್ತೆ ಕುಸಿಯಿತು. ಈ ಸಲ ಕಾಗೆ ಕಣ್ಣಿಗೇ ಗುರಿಯಿಟ್ಟಿತು; ಮೇಕೆ ಚಂಗನೆ ಎದ್ದಿತು. ಹೊತ್ತು ಏರಿತು, ಮೇಕೆಯ ಕಾಲುಗಳು ಸೋತವು, ಕಾಗೆಯ ಹಸಿವು ಮಾತ್ರ ಸೋಲಲಿಲ್ಲ.

ಕೊನೆಗೂ ಡಾಕ್ಟರು ಬಂದು ಗಂಟಲಿಗೆ ಕೊಳವೆ ಇಳಿಸಿದರು. ಗಾಳಿ ಬುಸ್ಸೆಂದು ಹೊರಬಿತ್ತು.

"ಮಲಗಿಬಿಟ್ಟಿದ್ದರೆ ಉಸಿರುಕಟ್ಟಿ ಸಾಯುತ್ತಿತ್ತು ಕಣವ್ವ. ಇಷ್ಟು ಹೊತ್ತು ಇದನ್ನು ನಿಲ್ಲಿಸಿಕೊಂಡವರು ಯಾರು?"

"ಇನ್ಯಾರು ಸ್ವಾಮಿ, ಪಕ್ಕದಲ್ಲೇ ನಿಂತಿದೆಯಲ್ಲ!" ಎಂದು ಹೊನ್ನವ್ವ ಕುರಿಯ ತಲೆ ಸವರಿದಳು. ಆಮೇಲೆ ಕಲ್ಲೆತ್ತಿ ಕಾಗೆಗೆ ಬೀಸಿದಳು.

ನಿಜ ಹೇಳಲೆಂದು ಮೇಕೆ ಬಾಯಿ ತೆರೆಯಿತು. ಬಂದದ್ದು ತೇಗು.