ಕದಿರಪ್ಪನ ತಟ್ಟೆ

ಯಾವ ಕಾಲ ಅಂತ ನನ್ನ ಕೇಳಬೇಡಿ, ನನಗೂ ಗೊತ್ತಿಲ್ಲ. ಬಾಯ್ಲರ್ ಕೋಳಿ ಹೊಸದಾಗಿ ಬಂದಿದ್ದ ಕಾಲ ಅಂತಿಟ್ಟುಕೊಳ್ಳಿ. ಬಂಡೆಗಳ ನಡುವೆ ಒಂದೂರು. ಆ ಊರಲ್ಲಿ ಕದಿರಪ್ಪ ಅಂತ ಒಬ್ಬ ಇದ್ದನಂತೆ. ಮುರಿದ ಮೂಳೆ ಕಟ್ಟೋದು ಅವನ ಕಸುಬು. ಬಿದಿರು ದಬ್ಬೆ ಇಟ್ಟು, ಮೊಟ್ಟೆ ಲೋಳೆ ಹಚ್ಚಿ, ಬಟ್ಟೆ ಸುತ್ತಿ ಕಟ್ಟಿದನೆಂದರೆ ಮೂಳೆ ಕೂಡಲೇಬೇಕು. ಬೀದೀಲಿ ಹೋಗೋರ ಹೆಜ್ಜೆ ಸದ್ದು ಕೇಳಿಯೇ ಯಾವ ಕಾಲು ಉಳುಕಿದೆ ಅಂತ ಹೇಳ್ತಿದ್ದನಂತೆ. ಮಂಚದ ಕಾಲು ಮುರಿದರೂ ಬಡಗಿಗಿಂತ ಮೊದಲು ಅವನನ್ನೇ ಕರೀತಿದ್ದರು ಅಂತಾರೆ. ಇದು ಸ್ವಲ್ಪ ಜಾಸ್ತಿ ಆಯ್ತು. ಇರಲಿ, ನಮ್ಮತ್ತೆ ಹೇಳಿದ್ದು, ನಾನು ಹೇಳ್ತಿದ್ದೀನಿ.

ಅದೇ ಊರಲ್ಲಿ ಪಿಳ್ಳಕ್ಕ ಅಂತ ಒಬ್ಬಳು. ಗಂಡ ತೀರಿಕೊಂಡಿದ್ದ. ಒಬ್ಬಳೇ ಶೆಡ್ ಹಾಕಿ ಐನೂರು ಬಾಯ್ಲರ್ ಮರಿ ಬಿಟ್ಟಳು. ಅವಳ ಗಂಡನ ಅಣ್ಣ ದೊಡ್ಡಗಂಗಪ್ಪನಿಗೆ ಇದು ಸುತರಾಂ ಹಿಡಿಸಲಿಲ್ಲ. ಹೆಂಗಸು ಒಬ್ಬಳೇ ಎಲ್ಲಾದರೂ ಶೆಡ್ ನಡೆಸೋದುಂಟೇ, ಬೀಗ ಹಾಕಿ ನಮ್ಮನೇಲಿ ಅಡುಗೆ ಮಾಡ್ಕೊಂಡು ಬಿದ್ದಿರು ಅಂತ ದಿನಾ ಹೇಳೋನಂತೆ. ಈ ಸಲ ಕೋಳಿ ಕೈಕೊಟ್ಟರೆ ಹಾಗೇ ಆಗಲಿ ಅಂತ ಅವಳು ಊರೆದುರು ಒಪ್ಪಿಬಿಟ್ಟಳು. ಸಿಟ್ಟಲ್ಲಿ ಅಂದ ಮಾತು, ಏನು ಮಾಡ್ತೀರಿ.

ಇಪ್ಪತ್ತೈದು ದಿನಕ್ಕೆ ಮರಿಗಳಿಗೆ ಮೈ ಬಂತು ನೋಡಿ, ಕುಂಬಳಕಾಯಿ ಹಾಗೆ ದುಂಡಗಾದವು. ಆದರೆ ಕಾಲು ಸೊಟ್ಟ. ಒಂದು ಕುಂಟುತ್ತೆ, ಮತ್ತೊಂದು ಎರಡೂ ಕಾಲು ಅತ್ತಿತ್ತ ಚಾಚಿ ಕೂತುಬಿಡುತ್ತೆ, ಇನ್ನೊಂದು ರೆಕ್ಕೆ ಊರಿಕೊಂಡು ತೆವಳುತ್ತೆ. ಮರಿ ಕೊಟ್ಟು, ಬೆಳೆದ ಮೇಲೆ ಕೊಂಡೊಯ್ಯೋ ಲಾರಿಯೋರೋ, ಎದ್ದು ನಿಲ್ಲದ ಕೋಳಿ ಒಯ್ಯೋದಿಲ್ಲ, ಮುಂದಕ್ಕೆ ಮರಿಯೂ ಕೊಡೋದಿಲ್ಲ. ಲಾರಿ ಬರೋಕೆ ಹದಿನೈದೇ ದಿನ. ಪಿಳ್ಳಕ್ಕ ಒಂದು ಕೋಳೀನ ಸೆರಗಲ್ಲಿ ಸುತ್ತಿಕೊಂಡು ಕದಿರಪ್ಪನ ಜಗಲಿಗೆ ಹೋಗಿ ಅತ್ತಳಂತೆ.

ಕದಿರಪ್ಪನ ವಂಶದಲ್ಲಿ ಒಂದು ಕಟ್ಟಳೆ. ಕಾಲು ಕೆಟ್ಟು ಜಗಲಿ ಹತ್ತಿದವರು ಯಾರೇ ಆಗಲಿ, ವಾಪಸ್ ಕಳಿಸಬಾರದು. ಯಾರೇ ಅಂದಮೇಲೆ ಕೋಳಿಯೂ ಬಂತಲ್ಲ. ಮೂರು ದಿನ ಶೆಡ್ಡಲ್ಲೇ ಕೂತು, ನೂರಾರು ಕಾಲಿಗೆ ಪೊರಕೆ ಕಡ್ಡಿ ಇಟ್ಟು, ನಾಟಿ ಮೊಟ್ಟೆ ಲೋಳೆ ಹಚ್ಚಿ ಕಟ್ಟಿದನಂತೆ. ಊರಲ್ಲಿ ಒಂದು ಮೊಟ್ಟೆ ಉಳೀಲಿಲ್ಲ. ಆಮೇಲೆ ಮನುಷ್ಯರಿಗೆ ಹೇಳೋ ಪಥ್ಯವನ್ನೇ ಹೇಳಿದ. ಅಲ್ಲಾಡಬಾರದು, ಏಳಬಾರದು, ಊಟ ಬಾಯಿ ಹತ್ತಿರಕ್ಕೇ ಬರಬೇಕು. ಪಿಳ್ಳಕ್ಕ ಬಾಣಂತೀನ ನೋಡಿಕೊಂಡ ಹಾಗೆ ನೋಡಿಕೊಂಡಳು. ಕೋಳಿಗಳಿಗೆ ಇನ್ನೇನು ಬೇಕು? ಕೂತಲ್ಲೇ ತಿಂದು ಇನ್ನೂ ಊದಿದವು. ನೆಟ್ಟಗಿದ್ದವೂ ಕೂತವು. ದೊಡ್ಡಗಂಗಪ್ಪ ಬಾಗಿಲಲ್ಲಿ ನಿಂತು, ನಿನ್ನ ಪಾತ್ರೆ ಸಾಗಿಸೋಕೆ ಗಾಡಿ ಯಾವತ್ತು ಕಳಿಸಲಿ ಅಂತ ಕೇಳಿ ಹೋದ.

ಕಟ್ಟಿ ಮುಗಿಸಿದ ನಾಲ್ಕನೇ ದಿನ ಕದಿರಪ್ಪ ಬಂದು ನೋಡ್ತಾನೆ, ಒಂದು ಮೂಲೇಲಿ ಹತ್ತಿಪ್ಪತ್ತು ಕೋಳಿ ಎದ್ದು ಓಡಾಡ್ತಿವೆ! ಏನಪ್ಪಾ ಅಂದರೆ, ಮೊಟ್ಟೆ ಲೋಳೆ ರುಚಿಗೆ ಒಂದರ ಕಟ್ಟು ಇನ್ನೊಂದು ಕುಕ್ಕುತ್ತೆ. ಕುಕ್ಕಿಸಿಕೊಂಡದ್ದು ತಪ್ಪಿಸಿಕೊಳ್ಳೋಕೆ ಏಳುತ್ತೆ, ಕುಕ್ಕಿದ್ದು ಅಟ್ಟಿಸಿಕೊಂಡು ಹೋಗುತ್ತೆ. ಹೀಗೆ ಓಡಿ ಓಡಿ ಕಾಲಿಗೆ ಕಸುವು ಬಂದಿತ್ತು. ಕದಿರಪ್ಪ ಊರವರನ್ನೆಲ್ಲ ಶೆಡ್ಡಿಗೆ ಕರೆಸಿದನಂತೆ. ಏಳು ತಲೆಮಾರಿನ ಕೈಗುಣ, ತಪ್ಪಾಯ್ತು ಅಂತ ಆ ವಂಶದಲ್ಲಿ ಯಾರೂ ಅಂದಿರಲಿಲ್ಲ. ಇವನು ಎಲ್ಲರ ಎದುರಿಗೇ ಅಂದ:

"ಪಿಳ್ಳಕ್ಕಾ, ನನ್ನ ಕಟ್ಟು ತಪ್ಪು ಕಣಮ್ಮ. ಇವಕ್ಕೆ ಮೂಳೆ ಮುರಿದಿಲ್ಲ. ಕೂತು ತಿಂದು ಮೈ ಬಂತು, ಕಾಲು ಬರಲಿಲ್ಲ."

ಈ ಮಾತು ಹೇಳುವಾಗಲೆಲ್ಲ ನನಗೆ ಕಣ್ಣು ತುಂಬುತ್ತೆ. ದೊಡ್ಡ ಮನುಷ್ಯ.

ಅವತ್ತೇ ಕಟ್ಟೆಲ್ಲ ಬಿಚ್ಚಿಸಿ, ಫೀಡು ಶೆಡ್ಡಿನ ಈ ತುದೀಲಿ, ನೀರು ಆ ತುದೀಲಿ ಇಡಿಸಿದ. ಒಂದು ತಗಡಿನ ತಟ್ಟೇಲಿ ಕಾಳು ಹಾಕಿ ಗಲಗಲ ಅಲ್ಲಾಡಿಸ್ತಾ ತಾನು ಮುಂದೆ ನಡೆದ, ಕೋಳಿಗಳು ಹಿಂದೆ. ದಿನಕ್ಕೆ ನೂರು ಸುತ್ತು ಅಂತಾರೆ ಕೆಲವರು, ಸಾವಿರ ಅಂತಾರೆ ಕೆಲವರು. ಏನು ಮಾಡಿದರೂ ಏಳಲಾಗದವು ಒಂದಷ್ಟು ಇದ್ದೇ ಇದ್ದವು. ಅವಕ್ಕೆ ಮಾತ್ರ ಕೊಕ್ಕಿನ ಹತ್ತಿರವೇ ನೀರಿಟ್ಟನಂತೆ.

ಲಾರಿ ಬಂದ ದಿನ ದೊಡ್ಡಗಂಗಪ್ಪನ ಗಾಡಿಯೂ ಬಂತು. ನೋಡಿದರೆ ಕೋಳಿಗಳು ನಿಂತಿವೆ. ಆದರೂ ಆಸಾಮಿ ಬಿಡಲಿಲ್ಲ. ಇವು ಕದಿರಪ್ಪನ ಮಂತ್ರಕ್ಕೆ ನಿಂತಿವೆ, ಅವನು ಆಚೆ ಹೋದರೆ ಕುಸಿದು ಬೀಳ್ತವೆ ಅಂತ ಲಾರಿಯೋರ ಕಿವಿ ಊದಿದ. ಅವರೂ ಹಿಂದೆಮುಂದೆ ನೋಡಿದರು. ಕದಿರಪ್ಪ ಜಗಳಕ್ಕೆ ಹೋಗಲಿಲ್ಲ. ತಟ್ಟೇನ ದೊಡ್ಡಗಂಗಪ್ಪನ ಕೈಗಿಟ್ಟು, ನೀನೇ ಅಲ್ಲಾಡಿಸಿ ನೋಡಪ್ಪ ಅಂದು ಮನೆ ಕಡೆ ಹೊರಟೇಬಿಟ್ಟ.

ದೊಡ್ಡಗಂಗಪ್ಪ ಅಲ್ಲಾಡಿಸಿದ. ನಾನೂರು ಕೋಳಿ ಒಟ್ಟಿಗೆ ಅವನ ಕಡೆ ನುಗ್ಗಿದವು. ಹೆದರಿ ಓಡಿದ. ಓಡೋನು ತಟ್ಟೆ ಬಿಸಾಕಬೇಕು ತಾನೇ? ಭಯಕ್ಕೆ ಗಟ್ಟಿಯಾಗಿ ಹಿಡಕೊಂಡೇ ಓಡಿದ. ತಟ್ಟೆ ಗಲಗಲ ಅನ್ನುತ್ತೆ, ಕೋಳಿಗಳು ಬಿಡವು. ಕಣ ದಾಟಿ, ಕೆರೆ ಏರಿ ಹತ್ತಿ, ಪಕ್ಕದೂರಿನ ತನಕ ಓಡಿದ ಅಂತಾರೆ. ನಿಂತಲ್ಲೇ ನಿಂತಿರೋ ಕೋಳಿ ಎತ್ತಿ ಅಭ್ಯಾಸವಾಗಿದ್ದ ಲಾರಿಯೋರು ಸಂಜೆ ತನಕ ಹಿಡಿದು ಹಿಡಿದು ಸುಸ್ತಾಗಿ, ಮುಂದಿನ ಸಲ ಆರುನೂರು ಮರಿ ಕೊಡ್ತೀವಿ, ಇಷ್ಟೊಂದು ಮಾತ್ರ ನಡೆಸಬೇಡಿ ತಾಯಿ ಅಂತ ಕೈ ಮುಗಿದರಂತೆ. ಪಿಳ್ಳಕ್ಕ ಸಾಯೋ ತನಕ ಆ ಶೆಡ್ಡಿಗೆ ಬೀಗ ಬೀಳಲಿಲ್ಲ.

ಈಗಲೂ ಆ ಊರಲ್ಲಿ ಹೆಂಗಸರು ಹೊಸ ಶೆಡ್ಡಿಗೆ ಮರಿ ಬಿಟ್ಟರೆ, ಕದಿರಪ್ಪನ ಹೆಸರು ಹೇಳಿ ಗಂಡನ ಅಣ್ಣನ ಕೈಗೆ ತಟ್ಟೆ ಕೊಡ್ತಾರೆ. ಅವನು ಅಲ್ಲಾಡಿಸ್ತಾ ಮೂರು ಸುತ್ತು ನಡೀಬೇಕು. ಭಾವ ಇಲ್ಲದ ಮನೆಯೋರು ಪಕ್ಕದ ಮನೆಯಿಂದ ಒಬ್ಬನನ್ನ ಕರಕೊಂಡು ಬರ್ತಾರೆ. ಮೂರು ಸುತ್ತು ಮುಗಿಯೋ ತನಕ ಅವನು ಬಾಯಿ ಬಿಡೋ ಹಾಗಿಲ್ಲ.